ರೂಪಾಯಿಗೆ ಎಷ್ಟಾಣೆ ವಾಸಿ? ಕತ್ತಿನ ಆಪರೇಷನ್ ಆದವರನ್ನು ಕೇಳುವ ಬಗೆ: ನನ್ನ ಅನುಭವ

ಕತ್ತಿನ ಆಪರೇಷನ್ ಆದವರನ್ನು ಒಪಿಡಿಯಲ್ಲಿ ಸರ್ಜನ್ ‘ಹೇಗಿದ್ದೀರಿ’ ಎಂದು ಕೇಳಿದರೆ ‘ಚೆನ್ನಾಗಿದೀನಿ ಸಾರ್, ನಿಮ್ಮ ಕೈಗುಣ’ ಎಂಬ ಉತ್ತರ ಬರುತ್ತದೆ. ಅದೇ ಮನುಷ್ಯ ಪಕ್ಕದ ಫಿಸಿಯೋ ಕೋಣೆಗೆ ಬಂದು ಕೂತ ಮೇಲೆ ‘ಅನ್ನ ಕಲಸೋಕೆ ಇನ್ನೂ ಬೆರಳು ಮಾತು ಕೇಳಲ್ಲ’ ಎನ್ನುತ್ತಾನೆ. ಎರಡೂ ಉತ್ತರ ಅವನದೇ. ಹಳ್ಳಿ ರೋಗಿಗಳ ಬಾಯಿಂದ ನಂಬುವಂಥ ಅಂಕಿ ಹೊರಡುವುದಿಲ್ಲ, ಎಂಆರ್‌ಐ ನೋಡಿಕೊಂಡರೆ ಸಾಕು ಎಂದವರೇ ನಮ್ಮಲ್ಲಿ ಹೆಚ್ಚು. ಈಗ ಆಪರೇಷನ್ ಆಗಿ ಒಂದು ವರ್ಷದ ಮೇಲೆ ಕೇಳಿದಾಗಲೂ ಹತ್ತರಲ್ಲಿ ಎಂಟು ಜನರಿಂದ ಉತ್ತರ ಸಿಗುತ್ತಿದೆ. ಮೊದಲು ನಾಲ್ಕು ಸಿಕ್ಕರೆ ಅದೇ ದೊಡ್ಡದು.

ಫಾರಂ ಎರಡು: ಎನ್‌ಡಿಐ, ಕತ್ತಿನ ತೊಂದರೆ ಬಗ್ಗೆ ರೋಗಿ ಉತ್ತರಿಸುವ ಹತ್ತು ಪ್ರಶ್ನೆ, ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು; ಎಂಜೆಒಎ, ಕೈ, ಕಾಲು, ಮೂತ್ರದ ಹಿಡಿತಕ್ಕೆ 18ರೊಳಗೆ ಕೊಡುವ ಅಂಕ, ಹೆಚ್ಚಿದಷ್ಟೂ ಒಳ್ಳೆಯದು. ನೇರವಾಗಿ ತಪ್ಪುಗಳಿಗೆ ಬರುತ್ತೇನೆ. ಮೊದಲನೆಯದು, ಎಲ್ಲರಿಗೂ ಎನ್‌ಡಿಐ ಕೊಟ್ಟದ್ದು. ಅದು ನೋವಿನ ಸುತ್ತ ಹೆಣೆದ ಫಾರಂ. ನರ ಒತ್ತಿ ತೋಳಿಗೆ ಸೆಳೆತ ಇಳಿಯುವವರಿಗೆ ಸರಿಹೋಗುತ್ತದೆ. ಬೆನ್ನುಹುರಿಯೇ ಒತ್ತಿಹೋದ ಮಯಲೋಪತಿಯವರಲ್ಲಿ ಎಷ್ಟೋ ಜನರಿಗೆ ಕತ್ತು ನೋಯುವುದೇ ಇಲ್ಲ. ಚಪ್ಪಲಿ ಕಾಲಿಂದ ಕಳಚಿ ಬಿದ್ದದ್ದು ಹತ್ತು ಹೆಜ್ಜೆ ಆದ ಮೇಲೆ ತಿಳಿಯುತ್ತದೆ, ಅದೇ ಅವರ ಕಷ್ಟ. ಆಪರೇಷನ್‌ಗೆ ಮುಂಚೆಯೇ ಎನ್‌ಡಿಐ ಕಡಿಮೆ ಇದ್ದರೆ ಆಮೇಲೆ ಇಳಿಯಲು ಜಾಗ ಎಲ್ಲಿ? ಅವರಿಗೆ ಎಂಜೆಒಎಯೇ ಮುಖ್ಯ. ಆದರೆ ಅದನ್ನು ತುಂಬುವವರು ನಾವು. ರೋಗಿಯ ತೀರ್ಪು ಅದರಲ್ಲಿ ಇಲ್ಲ.

ಎರಡನೆಯದು ಲೆಕ್ಕದ ತಪ್ಪು. ಎನ್‌ಡಿಐಯ ಡ್ರೈವಿಂಗ್ ಪ್ರಶ್ನೆಯನ್ನು ನಮ್ಮ ಹೆಂಗಸರು, ಮುದುಕರು ಖಾಲಿ ಬಿಡುತ್ತಾರೆ. ಪ್ರಶ್ನೆಗೆ ಐದರಂತೆ ಒಟ್ಟು 50, ಒಂದು ಬಿಟ್ಟಾಗ 45ಕ್ಕೆ ಲೆಕ್ಕ ಹಾಕಬೇಕು. 18 ಬಂದರೆ ಶೇ. 40. ಅಭ್ಯಾಸಬಲದಿಂದ 50ಕ್ಕೆ ಭಾಗಿಸಿದರೆ 36 ಆಗಿ, ಮಾಡದ ಉಪಕಾರ ಲೆಕ್ಕಕ್ಕೆ ಸೇರುತ್ತದೆ. ಇನ್ನೂ ಕೆಟ್ಟದ್ದು, ಮುಂಚಿನ ಸ್ಕೋರು 50ರಲ್ಲಿ, ನಂತರದ್ದು ಶೇಕಡದಲ್ಲಿ ಬರೆದಿಡುವುದು. 21 ಇದ್ದದ್ದು 30 ಆಯಿತು ಎಂದು ಗಾಬರಿಯಾಗುತ್ತದೆ. ನಿಜಕ್ಕೆ 42 ಇದ್ದದ್ದು 30ಕ್ಕೆ ಇಳಿದಿದೆ. 7.5 ಅಂಕ ಇಳಿದರೆ ರೋಗಿಗೆ ಗೊತ್ತಾಗುವಷ್ಟು ಬದಲಾವಣೆ ಎನ್ನುತ್ತಾರಲ್ಲ, ಅದನ್ನು 50ರ ಮೇಲೆ ಹಿಡಿಯಬೇಕು, ಶೇಕಡಕ್ಕೆ 15. ಡ್ರೈವಿಂಗ್ ತೆಗೆದು ‘ಬಸ್ಸಿನಲ್ಲಿ ಹೋಗುವುದು’ ಎಂದು ತಿದ್ದುವ ಆಸೆ ನಮಗೂ ಬಂದಿತ್ತು. ತಿದ್ದಬೇಡಿ. ತಿದ್ದಿದ ಫಾರಂನ ಅಂಕಿಯನ್ನು ಬೇರೆ ಯಾರ ಅಂಕಿಯ ಪಕ್ಕದಲ್ಲೂ ಇಡಲಾಗುವುದಿಲ್ಲ. ನಮ್ಮ ಪ್ರಶ್ನೆಗಳು ಬೇರೆ ಹಾಳೆಯಲ್ಲಿವೆ.

ಆ ಹಾಳೆಯೇ ನಮ್ಮ ಕೈ ಹಿಡಿದದ್ದು. 1995ರಿಂದ ಬಳಕೆಯಲ್ಲಿರುವ ಪೇಷಂಟ್ ಸ್ಪೆಸಿಫಿಕ್ ಫಂಕ್ಷನಲ್ ಸ್ಕೇಲ್ ಅದರ ಮೂಲ. ಆಪರೇಷನ್ನಿನ ಹಿಂದಿನ ದಿನ, ಕತ್ತಿನಿಂದಾಗಿ ನಿಂತುಹೋದ ಮೂರು ಕೆಲಸ ಯಾವುವು ಎಂದು ರೋಗಿಯಿಂದಲೇ ಹೇಳಿಸುತ್ತೇವೆ. ‘ಮನೆಕೆಲಸ’ ಎಂದರೆ ಒಪ್ಪುವುದಿಲ್ಲ. ತುಂಬಿದ ಬಿಂದಿಗೆಯನ್ನು ನಲ್ಲಿಯಿಂದ ಅಡುಗೆಮನೆಗೆ ಒಯ್ಯುವುದು, ಬೈಕ್ ಮೇಲೆ ಕೂತು ಹಿಂದಿನ ಲಾರಿಯನ್ನು ತಿರುಗಿ ನೋಡುವುದು, ಬ್ಲೌಸಿನ ಹುಕ್ಕು ಹಾಕಿಕೊಳ್ಳುವುದು, ಇಷ್ಟು ಬಿಡಿಯಾಗಿ ಬರಬೇಕು. ಹುಕ್ಕಿನ ವಿಷಯ ಒತ್ತಿ ಹೇಳುತ್ತೇನೆ. ಎಂಜೆಒಎಯಲ್ಲಿ ಕೈಯ ಸೂಕ್ಷ್ಮ ನೋಡುವುದು ಅಂಗಿಯ ಗುಂಡಿಯಿಂದ. ಅಂಗಿ ಗುಂಡಿ ಹಾಕಿಯೇ ಗೊತ್ತಿಲ್ಲದ ಅಜ್ಜಿಗೆ ಆ ಪ್ರಶ್ನೆ ಗಾಳಿಯಲ್ಲಿ ಹೋಗುತ್ತದೆ. ಹುಕ್ಕು ಗುಂಡಿಗಿಂತ ಚಿಕ್ಕದು, ಕಣ್ಣಿಗೆ ಸರಿಯಾಗಿ ಕಾಣದು, ಬೆರಳ ತುದಿಯ ಜೋಮು ಕೂಡಲೇ ಗೊತ್ತಾಗುತ್ತದೆ.

ಅಳತೆಗೋಲು ಹುಡುಕಲು ಬಹಳ ಕಾಲ ಹಿಡಿಯಿತು. ಸೊನ್ನೆಯಿಂದ ಹತ್ತರವರೆಗಿನ ಅಂಕಿ, ಓದುಬರಹ ಬಲ್ಲವರಲ್ಲಿ ನಡೆಯಿತು, ಉಳಿದವರಲ್ಲಿ ಇಲ್ಲ. ನಗುಮುಖದ ಚಿತ್ರ ತೋರಿಸಿದರೆ ಮರ್ಯಾದೆಗೆ ನಗುವ ಮುಖವನ್ನೇ ಮುಟ್ಟುತ್ತಾರೆ. ಎರಡು ಟ್ಯಾಬ್ಲೆಟ್ ಕೊಂಡೆವು, ಇಪ್ಪತ್ತೈದು ಸಾವಿರದ ಸುತ್ತಮುತ್ತ ಖರ್ಚು. ಜೋಮು ಹಿಡಿದ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಒತ್ತಲಾಗದು ಎಂಬುದು ಆಮೇಲೆ ಹೊಳೆಯಿತು. ಒಂದರ ಬದಲು ಪಕ್ಕದ್ದು ಬೀಳುತ್ತಿತ್ತು. ಆ ಹಣ ನೀರಲ್ಲಿ ಹೋಮ. ಕೊನೆಗೆ ಸಿಕ್ಕ ಕೋಲು ರೋಗಿಗಳ ಮಾತಿನಲ್ಲೇ ಇತ್ತು: ‘ರೂಪಾಯಿಗೆ ಎಂಟಾಣೆ ವಾಸಿ.’ ರೂಪಾಯಿಗೆ ಹದಿನಾರಾಣೆ. ಆಣೆ ಚಲಾವಣೆಯಿಂದ ಹೋಗಿ ಕಾಲವಾದರೂ ಐವತ್ತು ದಾಟಿದವರ ಲೆಕ್ಕದಲ್ಲಿ ಇನ್ನೂ ಬದುಕಿದೆ. ‘ಬಿಂದಿಗೆ ಹೊರೋದು ರೂಪಾಯಿಗೆ ಎಷ್ಟಾಣೆ ಬಂತು ಅಮ್ಮಾ?’ ಎಂದರೆ ತಡವರಿಸದೆ ಹೇಳುತ್ತಾರೆ. ಕೊರತೆಯೂ ಇದೆ. ಉತ್ತರಗಳು ನಾಲ್ಕು, ಎಂಟು, ಹನ್ನೆರಡರಲ್ಲೇ ಗುಂಪಾಗುತ್ತವೆ, ಏಳಾಣೆ ಎಂದವರು ಅಪರೂಪ. ಆದ್ದರಿಂದ ನಾಲ್ಕಾಣೆಗಿಂತ ಕಡಿಮೆ ವ್ಯತ್ಯಾಸವನ್ನು ನಾವು ವ್ಯತ್ಯಾಸ ಎನ್ನುವುದಿಲ್ಲ. ಆಣೆಯನ್ನು ಹತ್ತರ ಅಂಕಿಗೆ ಇಳಿಸಿ ಕಿರಿಯರ ಅಂಕಿಯ ಜೊತೆ ಬೆರೆಸುವುದೂ ಇಲ್ಲ, ಎರಡಕ್ಕೂ ಬೇರೆ ಕಾಲಂ.

ಕೇಳುವವರು ಯಾರು ಎಂಬುದಕ್ಕೆ ಕೋಲಿನಷ್ಟೇ ತೂಕ. ಕತ್ತಿ ಹಿಡಿದವರು ಕೇಳಬಾರದು, ಅವರ ಬಿಳಿ ಕೋಟು ಕಣ್ಣಳತೆಯಲ್ಲೂ ಇರಬಾರದು. ನಾವು ಫೋನ್‌ನಲ್ಲಿ ಕೇಳಿಸುತ್ತೇವೆ, ಆಯಾ ಸೀಮೆಯ ಮಾತು ಬಲ್ಲ ಅರೆಕಾಲಿಕ ಹುಡುಗಿಯಿಂದ. ಪೂರ್ತಿಯಾದ ಒಂದು ಸಂದರ್ಶನಕ್ಕೆ ಸುಮಾರು ನೂರು ರೂಪಾಯಿ, ಹದಿನೈದು ನಿಮಿಷ. ರೋಗಿಯನ್ನು ಕರೆಸಿದರೆ ಅವನ ಬಸ್ ಚಾರ್ಜು, ಜೊತೆಗೆ ಬಂದವನ ಚಾರ್ಜು, ಇಬ್ಬರ ದಿನಗೂಲಿ. ಒಂದು ಫಾರಂಗಾಗಿ ಅಷ್ಟು ಕಳೆದುಕೊಳ್ಳಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ನಂಬರ್ ಮೂರು ಬರೆದುಕೊಳ್ಳಿ: ಮನೆಯದು, ಊರಲ್ಲೇ ಇರುವ ನೆಂಟರದು, ಪಕ್ಕದ ಅಂಗಡಿಯದು. ಬೆಂಗಳೂರಲ್ಲಿರುವ ಮಗನ ನಂಬರ್ ಒಂದನ್ನೇ ನಂಬಿದರೆ ಮಗನ ಅಭಿಪ್ರಾಯ ಸಿಗುತ್ತದೆ. ಕರೆ ಮಾಡುವುದು ಸಂಜೆ ಏಳರ ಮೇಲೆ. ಸುಗ್ಗಿಯ ವಾರಗಳಲ್ಲಿ ಬೇಡ. ಕರೆಯ ಮೊದಲ ವಾಕ್ಯ ಹೇಗಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಪಕ್ಕದಲ್ಲಿ ಕೂತು ಕೇಳಿಯೇ ಕಲಿಯಬೇಕು.

ಪ್ರಶ್ನೆಗಳ ಸರದಿಯನ್ನು ಮಾತ್ರ ಮುಚ್ಚಿಡುವುದಿಲ್ಲ. ಮೊದಲು ಇವತ್ತಿನ ಆಣೆ. ಆಮೇಲೆ ‘ಆಪರೇಷನ್‌ಗೆ ಮುಂಚೆ ಎಷ್ಟಿತ್ತು ಅಂತ ಈಗ ಅನ್ನಿಸುತ್ತೆ?’ ಕೊನೆಗೆ, ಅವರೇ ಅಂದು ಹೇಳಿದ್ದನ್ನು ಓದಿ ಹೇಳುವುದು. ಹಳೆಯದನ್ನು ಮೊದಲೇ ಓದಿದರೆ ಅದಕ್ಕೆ ಹೊಂದಿಸಿ ಉತ್ತರ ಕೊಡುತ್ತಾರೆ. ಚೆನ್ನಾಗಿ ಆದವರು ಹಿಂದಿನ ಕಷ್ಟವನ್ನು ಕಡಿಮೆ ಮಾಡಿ ನೆನೆಯುವುದೂ ಉಂಟು, ನೋವು ಉಳಿದವರು ‘ಮುಂಚೆ ಚೆನ್ನಾಗೇ ಇದ್ದೆ’ ಎನ್ನುವುದೂ ಉಂಟು. ಅದಕ್ಕೇ ‘ಎಷ್ಟು ಸುಧಾರಿಸಿತು’ ಎಂಬ ಒಂದೇ ಪ್ರಶ್ನೆಯನ್ನು ನಂಬಬಾರದು. ಅದಕ್ಕೆ ಸಿಗುವ ಉತ್ತರ ಬಹುಪಾಲು ಇವತ್ತಿನ ಸ್ಥಿತಿಯದು.

ಕತ್ತಿನ ಮುಂದಿನಿಂದ ಡಿಸ್ಕ್ ತೆಗೆದು ಪ್ಲೇಟ್ ಹಾಕಿದವರಿಗೆ ಆರು ವಾರದ ಕರೆಯಲ್ಲಿ ಗಂಟಲೇ ಮುಖ್ಯ. ನುಂಗುವ ತೊಂದರೆ ಅಳೆಯುವ ಬಝಾಝ್ (Bazaz) ಸ್ಕೇಲ್‌ನಲ್ಲಿ ಬ್ರೆಡ್ಡು, ಮಾಂಸದ ಮಾತಿದೆ. ಹಳೇ ಮೈಸೂರು ಕಡೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಮುದ್ದೆ. ಅಗಿಯದೆ ನುಂಗುವ ತುತ್ತು ಅದು. ಸಾರಿನಲ್ಲಿ ಅದ್ದಿದ್ದು ಇಳಿಯಿತೇ, ನೀರು ಕುಡಿದು ಇಳಿಸಿದಿರೇ, ತುತ್ತು ಚಿಕ್ಕದು ಮಾಡಿದಿರೇ ಎಂದು ಕೇಳಿದರೆ ಸಾಕು. ‘ನುಂಗೋಕೆ ತೊಂದರೆ ಇದೆಯಾ’ ಎಂದರೆ ಇಲ್ಲ ಎಂದವರು, ಮುದ್ದೆ ಬಿಟ್ಟು ಗಂಜಿಗೆ ಇಳಿದಿದ್ದನ್ನು ಹೀಗೆ ಕೇಳಿದಾಗ ಹೇಳುತ್ತಾರೆ. ಉತ್ತರ ಕರ್ನಾಟಕದವರಿಗೆ ರೊಟ್ಟಿ ಕೇಳಿ ನೋಡಿದೆವು, ಅಷ್ಟು ಸ್ಪಷ್ಟವಾಗಲಿಲ್ಲ. ಅಗಿದು ಮೆತ್ತಗೆ ಮಾಡಿಕೊಂಡುಬಿಡುತ್ತಾರೆ.

ಹುರಿಗೆ ಜಾಗ ಮಾಡಲು ಕತ್ತಿನ ಮೂಳೆಯನ್ನು ಹಿಂದಿನಿಂದ ತೆರೆದ ಲ್ಯಾಮಿನೋಪ್ಲಾಸ್ಟಿಯವರಲ್ಲಿ, ತೋಳೆತ್ತಿಸುವ ಸಿ5 ನರ ಸೋತರೆ ತೀರ್ಪೆಲ್ಲ ಅದರ ಮೇಲೇ ನಿಲ್ಲುತ್ತದೆ. ಕಾಲು ಹಗುರಾಗಿ ನಡಿಗೆ ಸುಧಾರಿಸಿರುತ್ತದೆ, ಆದರೆ ತೋಳು ಎತ್ತಿ ತಲೆ ಬಾಚಲಾಗದವರು ಒಟ್ಟಾರೆ ಎರಡಾಣೆ ಎನ್ನುತ್ತಾರೆ. ಹೆಚ್ಚಿನವರಲ್ಲಿ ಅದು ತಿಂಗಳುಗಳಲ್ಲಿ ಮರಳುತ್ತದೆ. ಕೆಲಸವಾರು ಆಣೆ ಇದ್ದರೆ ಯಾವುದು ಏರಿತು, ಯಾವುದು ಬಿತ್ತು ಎಂದು ಬಿಡಿಸಿ ನೋಡಬಹುದು.

ನಡುವೆ ಹತ್ತು ಸೆಕೆಂಡಿನ ಮುಷ್ಟಿ ಪರೀಕ್ಷೆಯನ್ನೂ ವಿಡಿಯೋ ಕರೆಯಲ್ಲಿ ಮಾಡಿಸಿದೆವು. ಮುಷ್ಟಿ ಹಿಡಿದು ಬಿಚ್ಚುವುದು ಇಪ್ಪತ್ತು ಸಲಕ್ಕಿಂತ ಕಡಿಮೆಯಾದರೆ ಕೈ ಇನ್ನೂ ಸರಿಯಿಲ್ಲ ಎಂದರ್ಥ. ಹಳ್ಳಿಯ ನೆಟ್‌ವರ್ಕ್ ತಡವರಿಸಿ ಮಧ್ಯದ ಎರಡು ಮೂರು ಮುಷ್ಟಿ ನುಂಗಿಹಾಕುತ್ತದೆ. ಅವರ ಫೋನ್‌ನಲ್ಲೇ ಚಿತ್ರೀಕರಿಸಿ ವಾಟ್ಸಾಪ್‌ಗೆ ಕಳಿಸಿದರೆ ಎಣಿಕೆ ತಪ್ಪುವುದಿಲ್ಲ.

ಎಂಜೆಒಎ 11ರಿಂದ 14ಕ್ಕೆ ಏರಿದವರು ನಾಲ್ಕಾಣೆ ಎಂದಾಗ ಸರ್ಜನ್‌ಗಳಿಗೆ ಬೇಸರವಾಗುತ್ತದೆ. 18ರ ಲೆಕ್ಕದಲ್ಲಿ ಅದು ಶೇ. 43ರ ಚೇತರಿಕೆ (ಕೊರತೆಯಿದ್ದ 7ರಲ್ಲಿ 3), ಒಟ್ಟು 17 ಅಂಕದ ಹಳೆಯ ಸೂತ್ರ ಹಾಕಿದವರು 50 (6ರಲ್ಲಿ 3) ಎಂದು ಬರೆದಿರುತ್ತಾರೆ, ಅದನ್ನೂ ಪರೀಕ್ಷಿಸಿ. ಅಂತರದ ಮೂಲ ಹೆಚ್ಚಾಗಿ ಮುಂಚಿನ ಮಾತಿನಲ್ಲಿದೆ. ‘ಇನ್ನು ಮುಂದೆ ಹೆಚ್ಚಾಗದಂತೆ ತಡೆಯಲು ಆಪರೇಷನ್’ ಎಂದು ನಾವು ಹೇಳಿರುತ್ತೇವೆ, ‘ಸರಿಹೋಗುತ್ತದೆ’ ಎಂದು ಅವರು ಕೇಳಿಸಿಕೊಂಡಿರುತ್ತಾರೆ. ಈಗ ಹಾಳೆಯಲ್ಲಿ ನಾಲ್ಕನೆಯ ಸಾಲು ಸೇರಿಸಿದ್ದೇವೆ: ‘ಎಷ್ಟಾಣೆ ಆದರೆ ನಿಮಗೆ ಸಾಕು?’ ಹದಿನಾರು ಎಂದರೆ ಆ ಸಂಜೆಯೇ ಸರ್ಜನ್ ಮತ್ತೊಮ್ಮೆ ಮಂಚದ ಹತ್ತಿರ ಬಂದು ಕೂತು ಮಾತಾಡುತ್ತಾರೆ, ಮಾತಾದ ಮೇಲೆ ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿ ಎರಡನೆಯ ಅಂಕಿಯನ್ನು ಮೊದಲನೆಯದರ ಪಕ್ಕದಲ್ಲೇ ಬರೆಯುತ್ತೇವೆ.