ಹಳೆಯ ಏರ್‌ಗನ್ ಪೆಲೆಟ್: ಡಬ್ಬಿಯನ್ನಲ್ಲ, ಗುಂಡನ್ನು ಓದುವುದು

ಹಳೆಯ ಪೆಲೆಟ್ ಡಬ್ಬಿಯ ಮುಚ್ಚಳವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಖಾಲಿ ಡಬ್ಬಿಗೆ ಬೇರೆ ಗುಂಡು ತುಂಬಿಡುವ ಅಭ್ಯಾಸ ಎಲ್ಲ ಕಾಲಕ್ಕೂ ಇದ್ದದ್ದೇ. ಬ್ರಿಟಿಷ್ ಡಬ್ಬಿಯಾದರೆ ‘ನಂ. 1’ ಎಂದರೆ .177 ಇಂಚು ಅಗಲದ ಗುಂಡು, ‘ನಂ. 2’ ಎಂದರೆ .22, ‘ನಂ. 3’ ಎಂದರೆ .25. ಮುಚ್ಚಳದಿಂದ ಅಷ್ಟು ತಿಳಿದರೆ ಸಾಕು.

ಮುಂದಿನದ್ದಕ್ಕೆ 10 ಪಟ್ಟಿನ ಭೂತಗನ್ನಡಿ, ಪಕ್ಕದಿಂದ ಬೀಳುವ ಬೆಳಕು. ಡಯಾಬೊಲೊ (ನಡುವೆ ಸೊಂಟದಂತೆ ಸಣ್ಣಗಾಗಿ, ಹಿಂಬದಿ ಟೊಳ್ಳಾಗಿರುವ) ಗುಂಡು ಮಾಡಲು ಸೀಸದ ತಂತಿಯನ್ನು ತುಂಡರಿಸಿ, ಅಚ್ಚಿನಲ್ಲಿಟ್ಟು ಪಂಚ್‌ನಿಂದ ಒತ್ತುತ್ತಾರೆ. ಹಿಂಬದಿಯ ಟೊಳ್ಳು ಆ ಪಂಚ್ ಬಿಟ್ಟ ಗುರುತು. ಸೊಂಟ ಸಣ್ಣದಾದ್ದರಿಂದ ಒಂಟಿ ಅಚ್ಚಿನಲ್ಲಿ ಒತ್ತಿದರೆ ಗುಂಡು ಹೊರಬರುವುದಿಲ್ಲ. ಅದಕ್ಕೇ ಅಚ್ಚು ಹೋಳುಗಳಾಗಿ ತೆರೆದುಕೊಳ್ಳುತ್ತದೆ. ಹೋಳುಗಳು ಕೂಡಿದ ಕಡೆ ಗುಂಡಿನ ಉದ್ದಕ್ಕೂ ತೆಳು ಗೆರೆ ಕಾಣುತ್ತದೆ. ಅಚ್ಚು ಸವೆದಷ್ಟೂ ಗೆರೆ ಎದ್ದು ನಿಲ್ಲುತ್ತದೆ. ಉದ್ದಗೆರೆ ಇಲ್ಲದೆ ಸೊಂಟದ ಸುತ್ತ ಉಜ್ಜಿದ ಗುರುತಿದ್ದರೆ, ಬಹುಮಟ್ಟಿಗೆ ಉರುಳಿಸಿ ಸೊಂಟ ತೆಗೆದದ್ದು.

ಉಗುರಿನಿಂದ ಗೀರಿ ನೋಡಿ. ಶುದ್ಧ ಸೀಸಕ್ಕೆ ಗೀರು ಬೀಳುತ್ತದೆ, ಗಟ್ಟಿಯಾಗಲೆಂದು ಆಂಟಿಮನಿ ಸೇರಿಸಿದ್ದರೆ ಸುಲಭಕ್ಕೆ ಬೀಳುವುದಿಲ್ಲ. ಸ್ಕರ್ಟ್, ಅಂದರೆ ಟೊಳ್ಳಾದ ಹಿಂಬದಿಯ ಅಂಚು, ಗಟ್ಟಿಯಿದ್ದರೆ ಗಾಳಿಯ ಒತ್ತಡಕ್ಕೆ ಅರಳದೆ ನಳಿಗೆಯಲ್ಲಿ ಗಾಳಿ ಸೋರುತ್ತದೆ.

ತೂಕಕ್ಕೆ 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. 1 ಗ್ರೇನ್ ಎಂದರೆ 0.0648 ಗ್ರಾಂ, 0.01 ಗ್ರಾಂನ ತಕ್ಕಡಿಯಲ್ಲಿ ಒಂದು ಅಂಕಿ ಬದಲಾದರೆ 0.15 ಗ್ರೇನ್ ಹೋಯಿತು. ನಾನು 50 ಗುಂಡು ತೂಗಿ, ಯಾವ ತೂಕಕ್ಕೆ ಎಷ್ಟು ಎಂದು ಸಾಲಾಗಿ ಗುರುತು ಹಾಕುತ್ತೇನೆ. ಗುರುತುಗಳು ಎರಡು ಕಡೆ ಗುಡ್ಡೆಯಾದರೆ ಎರಡು ಅಚ್ಚಿನ ಮಾಲು ಒಂದೇ ಡಬ್ಬಿಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ಬಿಳಿ ಪುಡಿ ಹಿಡಿದ ಗುಂಡು ಈ ಲೆಕ್ಕಕ್ಕೆ ಬೇಡ, ತೂಕ ದಾರಿ ತಪ್ಪಿಸುತ್ತದೆ.

ಅಗಲ ಅಳೆಯಲು ಕ್ಯಾಲಿಪರ್ ಒತ್ತಿದರೆ ಸೀಸ ನಜ್ಜುತ್ತದೆ. ಅಳತೆಯ ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ತಲೆಯನ್ನು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡಿ. ಎಲೀ ಕಂಪನಿಯ ‘ವಾಸ್ಪ್’ ಹೆಸರಿನ .22 ಗುಂಡುಗಳಲ್ಲಿ 5.6 ಮಿ.ಮೀ. ಅಳತೆಯವೂ ಇದ್ದವು. ಹಳೆಯ ಬ್ರಿಟಿಷ್ ನಳಿಗೆಗಳಲ್ಲಿ ಇಂದಿನ 5.5 ಮಿ.ಮೀ. ಗುಂಡು ಸಡಿಲವಾಗಿ ಕೂರುವುದರಿಂದಲೇ ಆ 5.6ರ ಗುಂಡುಗಳಿಗೆ ಇಂದಿಗೂ ಬೇಡಿಕೆ.

ಬಿಳಿ ಪುಡಿ ಸೀಸದ ಕಾರ್ಬೊನೇಟ್, ವಿಷ. ಒಣಗಿದ್ದಾಗ ಉಜ್ಜಬಾರದು, ಊದಬಾರದು. ಕೈಗವಸು ಹಾಕಿ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅಲುಗಾಡಿಸಿ, ಡಿಸ್ಟಿಲ್ಡ್ ನೀರಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಒಣಗಿಸಿ ಒಂದೆರಡು ಹನಿ ತೆಳು ಎಣ್ಣೆ ಸವರಿ. ವಿನೆಗರ್ ಮಾತ್ರ ಬೇಡವೇ ಬೇಡ, ಅದು ಸೀಸವನ್ನೇ ತಿನ್ನುತ್ತದೆ. ಪ್ಲೈವುಡ್ ಕಪಾಟು, ರಟ್ಟಿನ ಪೆಟ್ಟಿಗೆಗಳಿಂದ ಹೊಮ್ಮುವ ಆಮ್ಲದ ಆವಿಯೂ ನಿಧಾನವಾಗಿ ಅದೇ ಕೆಲಸ ಮಾಡುವುದರಿಂದ, ಗುಂಡನ್ನು ಪಾಲಿಥೀನ್ ಚೀಲದಲ್ಲಿ ಕಟ್ಟಿ, ಚೀಟಿಯನ್ನು ಚೀಲದ ಹೊರಗೆ ಅಂಟಿಸುತ್ತೇನೆ.