ಹಳೇ ಹೋಂಡಾ ಸಿಟಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಬಿಚ್ಚದೆ ಸರಿ ಮಾಡಿದ ಅನುಭವ

"ಹಳೇ ಆಯಿಲ್ ಮುಟ್ಟಬೇಡ, ಮುಟ್ಟಿದರೆ ಗೇರ್‌ಬಾಕ್ಸ್ ಹೋಗುತ್ತೆ." ಆಟೋಮ್ಯಾಟಿಕ್ ಗಾಡಿ ವಿಷಯ ಬಂದರೆ ನಮ್ಮ ಹಾಸನದ ಕಡೆ ಮೆಕ್ಯಾನಿಕ್‌ಗಳು ಹೇಳುವ ಮಾತು ಇದೇ. ನಾನು ಮುಟ್ಟಿದೆ. ಗೇರ್‌ಬಾಕ್ಸ್ ಹೋಗಲಿಲ್ಲ. ಆಮೇಲೆ ಇಪ್ಪತ್ತು ಸಾವಿರ ಕಿ.ಮೀ. ಮೇಲೆ ಓಡಿದೆ, ಗುಂಡ್ಯದಿಂದ ಶಿರಾಡಿ ಘಾಟಿ ಎಷ್ಟೋ ಸಲ ಹತ್ತಿದೆ. ಆಗ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೆ ಬರೆದುಬಿಡುತ್ತಿದ್ದೇನೆ.

ಗಾಡಿ ಹೋಂಡಾ ಸಿಟಿ, 2010ರ ಮಾಡೆಲ್. ಒಂದೂವರೆ ಲೀಟರ್ ಐ-ವಿಟೆಕ್ ಇಂಜಿನ್, ಐದು ಗೇರಿನ ಟಾರ್ಕ್ ಕನ್ವರ್ಟರ್ ಬಾಕ್ಸ್ (ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವುದು), ಸ್ಟಿಯರಿಂಗ್ ಹಿಂದೆ ಗೇರ್ ಬದಲಾಯಿಸುವ ಪ್ಯಾಡಲ್ ಇರುವುದು. ಓಡಿದ್ದು 1 ಲಕ್ಷದ ಹತ್ತಿರ. ಅಷ್ಟೂ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಬೆಂದ ಓಟ. ಹಳೇ ಮಾಲೀಕರು ಬಿಲ್ಲೆಲ್ಲ ಜೋಪಾನವಾಗಿ ಫೈಲ್ ಮಾಡಿ ಇಟ್ಟಿದ್ದರು. ಇಂಜಿನ್ ಆಯಿಲ್ ಇದೆ, ಬ್ರೇಕ್ ಪ್ಯಾಡ್ ಇದೆ, ಎಸಿ ಗ್ಯಾಸ್ ಇದೆ. ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಅನ್ನೋ ಮೂರಕ್ಷರ ಒಂದು ಬಿಲ್ಲಿನಲ್ಲೂ ಇಲ್ಲ.

ಎಪ್ಪತ್ತರ ಆಸುಪಾಸಿನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಹಿಡಿದರೆ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಗಡಗಡ. ಪೂರ್ತಿ ಒತ್ತಿದರೆ ಇಲ್ಲ, ಕಾಲು ತೆಗೆದರೂ ಇಲ್ಲ. ಕನ್ವರ್ಟರ್ ಒಳಗೆ ಇಂಜಿನ್ನನ್ನೂ ಬಾಕ್ಸನ್ನೂ ನೇರ ಹಿಡಿದು ಕೂರಿಸುವ ಲಾಕಪ್ ಕ್ಲಚ್ಚಿನ ಕಥೆ ಅಂತ ಓಡಿಸಿದವರಿಗೆ ಗೊತ್ತೇ ಆಗುತ್ತೆ. ಜೊತೆಗೆ ಎರಡರಿಂದ ಮೂರಕ್ಕೆ ಬೀಳುವಾಗ ಒಂದು ಒದೆತ. ಬೆಂಗಳೂರಿನ ಒಂದು ವರ್ಕ್‌ಶಾಪ್‌ನವರು ಬಾಕ್ಸ್ ಇಳಿಸಿ ರೀಬಿಲ್ಡ್ ಮಾಡೋಕೆ 1.25 ಲಕ್ಷ ಅಂದಿದ್ದರಂತೆ. ಶಿವಾಜಿನಗರದ ಗುಜರಿಯಲ್ಲಿ ವಿಚಾರಿಸಿದರೆ ಹಳೇ ಬಾಕ್ಸಿಗೆ 40 ಸಾವಿರ, ಗ್ಯಾರಂಟಿ ಕೇಳಲೇಬೇಡಿ. ಅದೇ ಕಾರಣಕ್ಕೆ ಎರಡೂವರೆ ಲಕ್ಷ ಬಾಳುವ ಗಾಡಿ ನನಗೆ 1.7 ಲಕ್ಷಕ್ಕೆ ಸಿಕ್ಕಿತು.

ಕಣ್ಣು ಮುಚ್ಚಿಕೊಂಡು ತಗೊಂಡಿದ್ದಲ್ಲ. ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಮೂಸಿದೆ. ಬಣ್ಣ ಡಿಕಾಕ್ಷನ್‌ನಷ್ಟು ಕಪ್ಪು, ಆದರೆ ಸುಟ್ಟ ವಾಸನೆ ಇಲ್ಲ. ರಿವರ್ಸ್ ಹಾಕಿದ ತಕ್ಷಣ ಹಿಡಿಯಿತು. ಏರಿನಲ್ಲಿ ಆರ್‌ಪಿಎಂ ಸುಮ್ನೆ ಮೇಲೆ ಹಾರಲಿಲ್ಲ. ಅಂದರೆ ಬಾಕ್ಸಿನೊಳಗಿನ ಕ್ಲಚ್ ಇನ್ನೂ ಇದೆ, ಎಣ್ಣೆ ಮಾತ್ರ ಸತ್ತಿದೆ. ಅದಕ್ಕೂ ಮುಂಚೆ ನೋಡಿದ್ದ ಇನ್ನೊಂದು ಗಾಡಿಯಲ್ಲಿ ರಿವರ್ಸ್‌ಗೆ ಹಾಕಿ ಒಂದು ಕ್ಷಣ ಕಾಯಬೇಕಿತ್ತು, ಎಣ್ಣೆ ಸುಟ್ಟ ಟೈರಿನ ವಾಸನೆ ಹೊಡೆಯುತ್ತಿತ್ತು. ಅದನ್ನು 1 ಲಕ್ಷಕ್ಕೆ ಕೊಟ್ಟರೂ ಬೇಡ ಅಂದೆ. ಅಂಥ ಗಾಡಿಗೆ ಸಾಯುವ ಹೊತ್ತಿನಲ್ಲಿ ಹೊಸ ಎಣ್ಣೆ ಹಾಕುತ್ತಾರೆ, ಸತ್ತ ಮೇಲೆ ಎಣ್ಣೆಯನ್ನು ಬೈಯುತ್ತಾರೆ. "ಮುಟ್ಟಬೇಡ" ಅನ್ನೋ ಮಾತು ಹುಟ್ಟಿದ್ದೇ ಅಲ್ಲಿ ಅಂತ ನನ್ನ ಲೆಕ್ಕ.

ಮೊದಲು ದುಡ್ಡು ತಿಂದ ಕೆಲಸಗಳನ್ನು ಹೇಳಿಬಿಡುತ್ತೇನೆ. ಗೇರ್‌ಬಾಕ್ಸಿನ ಹೊರಗೇ ಕೂತಿರುವ ಪ್ರೆಶರ್ ಸ್ವಿಚ್ ಎರಡೂ ಬದಲಾಯಿಸಿದೆ, ನಾಲ್ಕೂವರೆ ಸಾವಿರ. ಒದೆತ ಚೂರು ಕಮ್ಮಿ ಆಯಿತು, ಗಡಗಡ ಅಲ್ಲೇ ಇತ್ತು. ಎಣ್ಣೆಯ ದಾರಿಯನ್ನು ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಬಿಚ್ಚಿ ಜಾಲರಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದೆ. ಗ್ಯಾಸ್ಕೆಟ್‌ಗೆ 1,200, ಜೊತೆಗೆ ಒಂದು ದಿನದ ದುಡಿಮೆ ಹೋಯಿತು. ಲಾಭ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆಮೇಲೆ ಟ್ಯೂಬಿನಲ್ಲಿ ಬರುವ ಅಡಿಟಿವ್, ಸಾವಿರದ ಚಿಲ್ಲರೆ. ಅದನ್ನು ಹಾಕಿದ ಸಂಜೆ ಗಾಡಿ ಬೆಣ್ಣೆ. ಮುನ್ನೂರು ಕಿ.ಮೀ. ಆಗುವಷ್ಟರಲ್ಲಿ ಅದೇ ಹಾಡು.

ಮಷಿನ್ ಹಾಕಿ ಫ್ಲಶ್ ಮಾಡಿಸು, ಹಳೇ ಎಣ್ಣೆಯೆಲ್ಲ ಒಂದೇ ಸಲ ಹೊರಗೆ, 7 ಸಾವಿರದಲ್ಲಿ ಒಂದೇ ಗಂಟೆ ಕೆಲಸ ಅಂತ ಒಬ್ಬರು ಬಲವಂತ ಮಾಡಿದರು. ಬೇರೆ ಕಡೆ ಫ್ಲಶ್ ಮಾಡಿಸಿಕೊಂಡು ಮೂರನೇ ಗೇರ್ ಜಾರುತ್ತಾ ನನ್ನ ಹತ್ತಿರ ಬಂದ ಗಾಡಿ ನೋಡಿದ್ದೇನೆ. ಈ ಹೋಂಡಾ ಬಾಕ್ಸಿನಲ್ಲಿ ಸಂಪ್ (ತಳದ ಎಣ್ಣೆ ತಟ್ಟೆ) ಬಿಚ್ಚಿ ಫಿಲ್ಟರ್ ಬದಲಾಯಿಸೋಣ ಅಂದರೆ ಕೆಳಗೆ ಸಂಪೇ ಇಲ್ಲ. ಫಿಲ್ಟರ್ ಒಳಗೆ, ಬಾಕ್ಸ್ ಸೀಳಿದರೆ ಮಾತ್ರ ಸಿಗುವುದು. ವರ್ಷಗಟ್ಟಲೆ ತಳದಲ್ಲಿ ಕೂತ ಕೆಸರನ್ನು ಒಂದೇ ಸಲ ಎಬ್ಬಿಸಿದರೆ ಅದು ಹೋಗಿ ಕೂರುವುದು ಎಲ್ಲಿ? ಆ ಫಿಲ್ಟರಿನಲ್ಲಿ, ಇಲ್ಲವೇ ಗೇರಿಗೆ ಎಣ್ಣೆ ಹಂಚುವ ವಾಲ್ವ್ ಬಾಡಿಯಲ್ಲಿ.

ಹಾಗಾಗಿ ಸ್ವಲ್ಪ ಸ್ವಲ್ಪವೇ ಬಸಿದು ತುಂಬಿಸುವ ದಾರಿ ಹಿಡಿದೆ. ಬಾಕ್ಸಿನಲ್ಲಿ ಒಟ್ಟು ಇರುವುದು ಐದೂವರೆಯಿಂದ ಆರು ಲೀಟರ್. ಬೋಲ್ಟ್ ಬಿಚ್ಚಿದರೆ ಬರುವುದು ಎರಡೂವರೆ. ಉಳಿದದ್ದು ಹೆಚ್ಚಾಗಿ ಕನ್ವರ್ಟರ್ ಹೊಟ್ಟೆಯಲ್ಲಿ. ಒಂದು ಸಲಕ್ಕೆ ನೂರಕ್ಕೆ ನಲವತ್ತು ಚಿಲ್ಲರೆ ಭಾಗ ಮಾತ್ರ ಹೊಸದಾಗುತ್ತೆ, ಎರಡನೇ ಸಲಕ್ಕೆ ಅರವತ್ತೈದರ ಹತ್ತಿರ, ನಾಲ್ಕೈದು ಸಲಕ್ಕೆ ತೊಂಬತ್ತು ಅಂತ ಇಟ್ಟುಕೊಳ್ಳಿ. ಒಂದೇ ಸಲ ಮಾಡಿ "ಏನೂ ಪ್ರಯೋಜನ ಇಲ್ಲ" ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಎಣ್ಣೆ ಹೋಂಡಾದ ಡಿಡಬ್ಲ್ಯೂ-1 ಎಟಿಎಫ್ ಮಾತ್ರ. ಈ ಗಾಡಿ ಹುಟ್ಟಿದಾಗ ಇದ್ದದ್ದು ಝಡ್-1, ಅದರ ಜಾಗಕ್ಕೆ ಹೋಂಡಾದವರೇ ತಂದದ್ದು ಇದು. ಅಂಗಡಿಯಲ್ಲಿ ಹುಷಾರು. "ಸಿಟಿ ಆಟೋಮ್ಯಾಟಿಕ್" ಅಂದ ತಕ್ಷಣ ಸಿವಿಟಿ (ಗೇರಿನ ಬದಲು ಬೆಲ್ಟಿನ ಮೇಲೆ ಓಡುವ ಆಟೋಮ್ಯಾಟಿಕ್) ಆಯಿಲ್ ತಂದು ಇಡುತ್ತಾರೆ. ಇದಕ್ಕೆ ಮುಂಚಿನ ಸಿಟಿ ಝಡ್‌ಎಕ್ಸ್‌ನಲ್ಲಿ ಸಿವಿಟಿ, 2014ರಲ್ಲಿ ಬಂದದ್ದರಲ್ಲೂ ಸಿವಿಟಿ, ನಡುವಿನ ಇದೊಂದು ಗೇರಿನ ಬಾಕ್ಸ್. ಅಂಗಡಿಯ ಹುಡುಗ "ಎಲ್ಲಾ ಗಾಡಿಗೂ ಆಗುವ ಆಯಿಲ್ ಇದೆಯಲ್ಲ ಅಣ್ಣ, ಅರ್ಧ ರೇಟು, ಸುಮ್ನೆ ಯಾಕೆ ದುಡ್ಡು ದಂಡ ಮಾಡ್ತೀರಾ" ಅಂದ. ಗೇಟಿನ ಕೀಲಿಗೆ ಬೇಕಾದರೆ ಅದನ್ನು ಹಾಕುತ್ತೇನೆ ಅಂದೆ.

ಕೆಲಸ ನಿಮಗೆಲ್ಲ ಗೊತ್ತಿರುವುದೇ. ಡ್ರೈನ್ ಬೋಲ್ಟಿನ ತಲೆಯಲ್ಲಿ 3/8 ಇಂಚಿನ ಚೌಕದ ತೂತು, ರಾಚೆಟ್ ನೇರ ಕೂರುತ್ತೆ, ಸಾಕೆಟ್ ಬೇಡ. ವಾಷರ್ ಪ್ರತಿ ಸಲ ಹೊಸದು. ಬಿಗಿ 49 ನ್ಯೂಟನ್ ಮೀಟರ್, ಬಾಕ್ಸಿನ ಬಾಡಿ ಅಲ್ಯೂಮಿನಿಯಂ ಅನ್ನೋದು ನೆನಪಿರಲಿ. ನಾನು ಒಂದು ಲೀಟರಿನ ನೀರಿನ ಬಾಟಲಿಗಳಿಗೆ ಗೆರೆ ಹಾಕಿ ಇಟ್ಟುಕೊಂಡಿದ್ದೇನೆ. ಎಷ್ಟು ಬಂತೋ ಅಷ್ಟೇ ವಾಪಸ್, ಡಿಪ್‌ಸ್ಟಿಕ್ ತೂತಿನಿಂದಲೇ, ಉದ್ದ ಕೊಳವೆಯ ಫನಲ್ ಇಟ್ಟು. ಲೆವೆಲ್ ನೋಡುವುದು ಇಂಜಿನ್ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿದ ಮೇಲೆ, ಇಂಜಿನ್ ಆಫ್ ಮಾಡಿ ಒಂದರಿಂದ ಒಂದೂವರೆ ನಿಮಿಷದೊಳಗೆ. ತಣ್ಣಗಿದ್ದಾಗ ನೋಡಿ ಜಾಸ್ತಿ ಸುರಿದವರ ಗಾಡಿ ಎಷ್ಟೋ ನೋಡಿದ್ದೇನೆ.

ಬೋಲ್ಟಿನ ತುದಿಯ ಮ್ಯಾಗ್ನೆಟ್ ನೋಡದೆ ಒರೆಸಬೇಡಿ. ಮೊದಲ ಸಲ ಅದರ ಮೇಲೆ ಬೂದು ಬಣ್ಣದ ಮುದ್ದೆ, ಅರ್ಧ ಇಂಚು ಎತ್ತರ. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದೆ. ಕಾಡಿಗೆಯಷ್ಟು ನುಣ್ಣಗೆ, ಒಂದು ಹರಳೂ ಸಿಗಲಿಲ್ಲ. ಚಕ್ಕೆ ಸಿಕ್ಕಿದ್ದರೆ ಅವತ್ತೇ ಕೆಲಸ ನಿಲ್ಲಿಸಿ ಗುಜರಿ ಬಾಕ್ಸಿಗೆ ಫೋನ್ ಮಾಡುತ್ತಿದ್ದೆ. ಎರಡನೇ ಸಲಕ್ಕೆ ಮುದ್ದೆ ಕಾಲು ಭಾಗ ಆಯಿತು. ಆಮೇಲೆ ಬರೀ ಒಂದು ಮಸಿ.

ಎರಡು ಸಲದ ಮಧ್ಯೆ ಎಷ್ಟು ಓಡಿಸಬೇಕು ಅನ್ನೋದೇ ಎಲ್ಲರ ಪ್ರಶ್ನೆ. ನಾನು ಕಿಲೋಮೀಟರ್ ಲೆಕ್ಕ ಇಡುವುದಿಲ್ಲ. ಬಿಳಿ ಟಿಶ್ಯೂ ಮೇಲೆ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡುತ್ತೇನೆ. ನಡುವೆ ಕಪ್ಪು ಚುಕ್ಕೆ ಗಟ್ಟಿಯಾಗಿ ನಿಂತು ಸುತ್ತ ಎಣ್ಣೆ ಹರಡಿದರೆ ಹೊಸ ಎಣ್ಣೆ ಕೊಳೆ ಎತ್ತಿದೆ ಅಂತ. ಮತ್ತೆ ಬಸಿಯಬಹುದು. ಸುಮಾರು ಮುನ್ನೂರರಿಂದ ಆರುನೂರು ಕಿ.ಮೀ. ಒಳಗೆ ಆ ಚುಕ್ಕೆ ಬರುತ್ತಿತ್ತು. ಬಸಿಯುವಾಗ ಗಾಡಿಯನ್ನು ಯಾವ ಮೂಲೆಯಿಂದ ಎಷ್ಟು ಎತ್ತಿದರೆ ಇನ್ನೂ ಕಾಲು ಲೀಟರ್ ಜಾಸ್ತಿ ಬರುತ್ತೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಮೊದಲ ಸಲ ಆದ ಮೇಲೆ ಗಡಗಡ ಜಾಸ್ತಿಯೇ ಆಯಿತು. ನಿಜ ಹೇಳುತ್ತೇನೆ, ಎರಡು ದಿನ ನಿದ್ದೆ ಬರಲಿಲ್ಲ. ನಮ್ಮ ಪಕ್ಕದ ಡೀಸೆಲ್ ಪಂಪ್ ಕೆಲಸದ ಅಣ್ಣ ದಿನಾ ಬಂದು "ಏನಪ್ಪಾ, ಕೂತ್ಕೊಳ್ತಾ?" ಅಂತ ಕೇಳಿ ಹೋಗುತ್ತಿದ್ದರು. ಎರಡನೇ ಸಲಕ್ಕೆ ಮೊದಲಿನಷ್ಟಕ್ಕೇ ಬಂತು. ಮೂರನೇ ಸಲ ಆಗಿ ಸಕಲೇಶಪುರಕ್ಕೆ ಹೋಗುವಾಗ ಗಡಗಡ ಎಲ್ಲಿ ಅಂತ ನಾನೇ ಹುಡುಕಬೇಕಾಯಿತು. ಕೊನೇ ಸಲದ ನಂತರ ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸಿನ ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಹಳೇ ಕಲಿಕೆ ಅಳಿಸಿದೆ. ಒದೆತವೂ ಹೋಯಿತು. ಅದೇ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಹತ್ತಿಸಿದೆ. ಮಾರನಹಳ್ಳಿವರೆಗೆ ಮಾತಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಮೂರನೇ ಗೇರಿಗೆ ಒಂದು ಚಿಕ್ಕ ತಡವರಿಕೆ ಈಗಲೂ ಇದೆ. ಮೊದಲ ಒಂದು ಕಿ.ಮೀ. ಅಷ್ಟೇ.

ನಡುವೆ ಒಂದೆರಡು ಚೇಷ್ಟೆ ಮಾಡಿದೆ. ಕೆಟ್ಟುಹೋದ ಹಾರ್ಡ್ ಡಿಸ್ಕ್ ಒಡೆದು ಅದರ ಮ್ಯಾಗ್ನೆಟ್ ತೆಗೆದು ಡ್ರೈನ್ ಬೋಲ್ಟಿನ ತಲೆಗೆ ಹೊರಗಿನಿಂದ ಅಂಟಿಸಿದೆ. ಬಾಡಿಗೆ ಅಂಟುವುದಿಲ್ಲ, ಬೋಲ್ಟಿಗೆ ಮಾತ್ರ. ಮುಂದಿನ ಸಲ ಮುದ್ದೆ ಸ್ವಲ್ಪ ದೊಡ್ಡದಿದ್ದ ಹಾಗೆ ಕಂಡಿತು. ಅದರಿಂದಲೇನಾ ಅಂತ ಆಣೆ ಮಾಡಿ ಹೇಳುವುದಿಲ್ಲ, ಆದರೆ ತೆಗೆದಿಲ್ಲ. ಬಾಟಲಿಯ ತಳದಲ್ಲಿ ಉಳಿದ ಹೊಸ ಎಟಿಎಫ್‌ಗೆ ಅಷ್ಟೇ ಥಿನ್ನರ್ ಬೆರೆಸಿದೆ. ತುಕ್ಕು ಹಿಡಿದ ಸೈಲೆನ್ಸರ್ ಬೋಲ್ಟಿಗೆ ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಬಿಚ್ಚುತ್ತೆ. ಬೀಡಿ ಹಚ್ಚಿಕೊಂಡು ಹತ್ತಿರ ಹೋಗಬೇಡಿ ಅಷ್ಟೇ.

ಖರ್ಚು: ಎಣ್ಣೆ ಹನ್ನೆರಡು ಲೀಟರಿನ ಮೇಲೆ, ಲೀಟರಿಗೆ 800ರ ಲೆಕ್ಕದಲ್ಲಿ 10 ಸಾವಿರ. ವಾಷರ್ ಎಲ್ಲಾ ಸೇರಿ ಮುನ್ನೂರೂ ಇಲ್ಲ. ಮೊದಲು ದಂಡವಾದ ಸ್ವಿಚ್ಚು, ಗ್ಯಾಸ್ಕೆಟ್ಟು, ಟ್ಯೂಬು ಸೇರಿಸಿದರೂ 17 ಸಾವಿರ ದಾಟಲಿಲ್ಲ. 1.25 ಲಕ್ಷ ಎಲ್ಲಿ, ಇದೆಲ್ಲಿ!

ಈಗ ಗಿರಾಕಿ ಗಾಡಿಗಳಿಗೂ ಮಾಡುತ್ತಿದ್ದೇನೆ. ಒಂದು ಸಲಕ್ಕೆ ಎಣ್ಣೆ ಬಿಟ್ಟು 600 ಕೂಲಿ. ಮೊದಲು ಡಿಪ್‌ಸ್ಟಿಕ್ ಮೂಸುತ್ತೇನೆ, ರಿವರ್ಸ್ ಹಾಕಿ ನೋಡುತ್ತೇನೆ, ಆಮೇಲೆ ಗಾಡಿ ಒಳಗೆ ತಗೊಳ್ಳೋದು. "ಒಂದೇ ಸಲಕ್ಕೆ ಮುಗಿಸಿಕೊಡಿ ಸಾರ್, ಅರ್ಜೆಂಟು" ಅನ್ನುವವರಿಗೆ ಗೇಟಿನಲ್ಲೇ ಆಗುವುದಿಲ್ಲ ಅಂತ ಹೇಳಿ ಕಳಿಸುತ್ತೇನೆ.