ಯಾವ ಕ್ಲಿಪ್ ಅನ್ನುವುದಕ್ಕೂ ಮುಂಚೆ

ಹದಿಮೂರು ವರ್ಷದ ಹುಡುಗಿ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿದ್ದ ಅವಳ ಅಮ್ಮ, "ಡಾಕ್ಟ್ರೇ, ಕಾಣದೇ ಇರೋ ಕ್ಲಿಪ್ ಬರುತ್ತಲ್ಲ, ಅದನ್ನೇ ಹಾಕಿಬಿಡಿ" ಅಂದರು. ನಾನು ಹುಡುಗಿಯನ್ನು ಕೇಳಿದೆ, "ನಿನಗೆ ಏನು ಸರಿಯಾಗಬೇಕು ಪುಟ್ಟಾ?" ಅವಳು ಬಾಯಿಗೆ ಕೈ ಅಡ್ಡ ಹಿಡಿದೇ ಹೇಳಿದಳು, "ಫ್ರೆಂಡ್ಸಿಗೆಲ್ಲ ಈ ಹಲ್ಲು ಬಂದಿದೆ. ನನಗೆ ಬಂದಿಲ್ಲ."

ಅವಳು ತೋರಿಸಿದ್ದು ಮೇಲಿನ ಕೋರೆಹಲ್ಲಿನ ಜಾಗ. ಅಲ್ಲಿ ಇನ್ನೂ ಹಾಲುಹಲ್ಲೇ ಇತ್ತು. ಮೇಲಿನ ಕೋರೆಹಲ್ಲು ಸಾಮಾನ್ಯವಾಗಿ 11ರಿಂದ 13 ವರ್ಷದೊಳಗೆ ಹೊರಗೆ ಬರುತ್ತದೆ. ಹತ್ತನೇ ವಯಸ್ಸಿನ ಹೊತ್ತಿಗೇ ವಸಡಿನ ಮೇಲೆ ಬೆರಳಾಡಿಸಿದರೆ ಅದರ ಉಬ್ಬು ಸಿಗಬೇಕು. ನನಗೆ ಸಿಗಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಹಲ್ಲು ಅಂಗುಳದ ಕಡೆ ಓರೆಯಾಗಿ ಮಲಗಿತ್ತು. ಹಾಗೇ ಬಿಟ್ಟಿದ್ದರೆ ಪಕ್ಕದ ಹಲ್ಲಿನ ಬೇರನ್ನೇ ಕರಗಿಸುವ ಅಪಾಯವಿತ್ತು.

ಇಂಥ ಹಲ್ಲನ್ನು ಕೆಳಗೆ ತರಲು ನಾನು ನಂಬುವುದು ಹಲ್ಲಿಗೆ ಅಂಟಿಸುವ ತಂತಿ ಕ್ಲಿಪ್ಪನ್ನೇ. ಮೊದಲು ಜಾಗ ಮಾಡಿದೆ. ಆಮೇಲೆ ಸರ್ಜನ್ ವಸಡು ತೆರೆದು, ಒಳಗಿನ ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿದರು. ಅದನ್ನು ಹಿಡಿದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಎಳೆದೆ. ಇಲ್ಲಿ ಅವಸರ ಮಾಡುವಂತಿಲ್ಲ. ಒತ್ತಡ ಬಿದ್ದ ಕಡೆ ಮೂಳೆ ಕರಗಬೇಕು, ಹಿಂದೆ ಬಿಟ್ಟ ಕಡೆ ಹೊಸ ಮೂಳೆ ಕೂಡಬೇಕು. ಜೋರಾಗಿ ಎಳೆದರೆ ಹಲ್ಲು ಬೇಗ ಬರುವುದಿಲ್ಲ, ಬೇರಿಗೆ ಪೆಟ್ಟಾಗುತ್ತದೆ ಅಷ್ಟೆ. ಒಟ್ಟು ಎರಡೂವರೆ ವರ್ಷ ಹಿಡಿಯಿತು. ಸಾಧಾರಣ ಕೇಸಿಗೆ ಒಂದೂವರೆಯಿಂದ ಎರಡು ವರ್ಷ ಸಾಕು.

ಅದಕ್ಕೇ ನಾನು ಯಾವ ಕ್ಲಿಪ್ ಅನ್ನುವ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ನೋಡುವುದು ಎರಡು. ಈ ಮಗುವಿನ ದವಡೆ ಇನ್ನೂ ಬೆಳೆಯುತ್ತಿದೆಯಾ? ಚಿಕಿತ್ಸೆ ಬೇಕಾಗಿರುವುದು ಮಗುವಿಗಾ, ಮನೆಯವರಿಗಾ?

ಬೆಳವಣಿಗೆಯ ವಿಷಯದಲ್ಲಿ ಕಾಲ ಕಾಯುವುದಿಲ್ಲ. ಕೆಳದವಡೆ ಹಿಂದೆ ಉಳಿದು ಮೇಲಿನ ಹಲ್ಲು ಮುಂದೆ ಚಾಚಿದ ಮಕ್ಕಳಿಗೆ ನಾನು ಹೆಚ್ಚಾಗಿ ಟ್ವಿನ್ ಬ್ಲಾಕ್ ಕೊಡುತ್ತೇನೆ. ಮೇಲೊಂದು, ಕೆಳಗೊಂದು ತೆಗೆದು ಹಾಕುವ ತುಂಡು. ಬಾಯಿ ಮುಚ್ಚಿದಾಗ ಕೆಳದವಡೆ ತಾನಾಗಿ ಮುಂದೆ ಬರುತ್ತದೆ. ಹುಡುಗಿಯರು 12ರ ಆಸುಪಾಸು, ಹುಡುಗರು 14ರ ಆಸುಪಾಸು ಸರಸರನೆ ಎತ್ತರವಾಗುತ್ತಾರಲ್ವಾ, ಇದಕ್ಕೆ ಒಳ್ಳೆಯ ಸಮಯ ಅದೇ. ಹಾಗಂತ ದವಡೆ ಇದರಿಂದಲೇ ಉದ್ದುದ್ದ ಬೆಳೆಯುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಫಲಿತಾಂಶದಲ್ಲಿ ಹಲ್ಲು ಸರಿದದ್ದರ ಪಾಲೂ ದೊಡ್ಡದು. ಆದರೂ ಮುಂಚಾಚಿದ ಹಲ್ಲು ಒಳಗೆ ಬಂದರೆ, ಆಟದಲ್ಲಿ ಬಿದ್ದಾಗ ಮುರಿಯುವ ಭಯ ಕಡಿಮೆಯಾಗುತ್ತದೆ. ನನಗೆ ಅದೇ ದೊಡ್ಡ ಲಾಭ. ಬೆಳವಣಿಗೆ ಪೂರ್ತಿ ನಿಂತ ಮೇಲೆ ಬಂದರೆ ಉಳಿಯುವ ದಾರಿ ಕಡಿಮೆ. ಕೆಲವರಿಗೆ ಹಲ್ಲು ಕೀಳಿಸಬೇಕಾಗುತ್ತದೆ, ದವಡೆಯ ವ್ಯತ್ಯಾಸ ತೀರಾ ಜಾಸ್ತಿಯಿದ್ದರೆ ಆಪರೇಷನ್ ಮಾತು ಬರುತ್ತದೆ.

ಎರಡನೆಯ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ಒಬ್ಬ ಹದಿನೈದರ ಹುಡುಗನಿಂದ. ಹಲ್ಲು ಸ್ವಲ್ಪವೇ ಒತ್ತಾಗಿತ್ತು, ಅಲೈನರ್ ಸಾಕಿತ್ತು, ಅಂದರೆ ತೆಗೆದು ಹಾಕುವ, ಒಂದಾದ ಮೇಲೊಂದು ಬದಲಿಸುತ್ತಾ ಹೋಗುವ ಪಾರದರ್ಶಕ ಪ್ಲಾಸ್ಟಿಕ್ ಕವಚ. ಅಪ್ಪ ಒಪ್ಪಿದರು, ಹುಡುಗ ಸುಮ್ನೆ ತಲೆಯಾಡಿಸಿದ. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಹಲ್ಲಿನ ಮೇಲಿರಬೇಕು. ತಿನ್ನುವಾಗ, ಹಲ್ಲುಜ್ಜುವಾಗ ಮಾತ್ರ ತೆಗೆಯಬೇಕು. ಇವನು ರಾತ್ರಿ ಮಾತ್ರ ಹಾಕುತ್ತಿದ್ದ. ನಾಲ್ಕು ತಿಂಗಳಾದ ಮೇಲೆ ಹೊಸ ಅಲೈನರ್ ಕೂರಲೇ ಇಲ್ಲ. ನಾನು ಅವನನ್ನು ಬೈಯಲಿಲ್ಲ, ಯಾಕಂದರೆ ಶುರುವಿನಲ್ಲಿ ಅವನೊಬ್ಬನ ಜೊತೆ ಕೂತು ಮಾತಾಡದೇ ಹೋದದ್ದು ನನ್ನ ತಪ್ಪು. ಆಮೇಲೆ ಕೇಳಿದಾಗ ಹೇಳಿದ, "ಪದೇ ಪದೇ ತೆಗೆದು ಹಾಕೋದು ನಂಗೆ ಆಗಲ್ಲ ಡಾಕ್ಟರ್. ಅಂಟಿಸಿಬಿಡಿ." ಲೋಹದ ಕ್ಲಿಪ್ ಅಂಟಿಸಿದೆ. ಒಂದು ದಿನವೂ ತಕರಾರು ಮಾಡದೆ ಮುಗಿಸಿದ. ಅವತ್ತಿನಿಂದ ಮಕ್ಕಳ ಜೊತೆ ಹತ್ತು ನಿಮಿಷ, ಹೆತ್ತವರನ್ನು ಹೊರಗೆ ಕೂರಿಸಿ, ಮಾತಾಡುತ್ತೇನೆ.

ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಕೂಡ ಇದೆ. ಕೆಲಸ ಲೋಹದ್ದರಂತೆಯೇ, ಕಾಣುವುದು ಕಡಿಮೆ. ಆದರೆ ಬೇಗ ಒಡೆಯುತ್ತದೆ. ಕಚ್ಚಿದಾಗ ಎದುರಿನ ಹಲ್ಲಿಗೆ ತಾಗುವ ಹಾಗಿದ್ದರೆ ನಾನು ಹಾಕುವುದಿಲ್ಲ, ಆ ಹಲ್ಲು ಸವೆಯುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಬ್ಬಳ ಕ್ಲಿಪ್ ತೆಗೆದಾಗ ಹಲ್ಲು ನೆಟ್ಟಗಾಗಿತ್ತು, ಆದರೆ ಪ್ರತಿ ಕ್ಲಿಪ್ಪಿನ ಸುತ್ತ ಸುಣ್ಣದಂಥ ಬಿಳಿ ಕಲೆ. ಅಂಟಿಕೊಂಡ ಕೊಳೆಯ ಆಸಿಡ್ ಹಲ್ಲಿನ ಹೊರಪದರವಾದ ಎನಾಮಲ್ಲಿನ ಖನಿಜವನ್ನು ತಿಂದಿತ್ತು. ಕನ್ನಡಿ ನೋಡಿ ಅವಳು ಅತ್ತಳು. ಪ್ರತಿ ಭೇಟಿಯಲ್ಲೂ "ಚೆನ್ನಾಗಿ ಉಜ್ಜು" ಅಂದಿದ್ದೆ, ಉಜ್ಜಿ ತೋರಿಸು ಅಂದಿರಲಿಲ್ಲ. ಈಗ ಕ್ಲಿಪ್ ಹಾಕುವ ಮುಂಚೆಯೇ ನನ್ನೆದುರು ಉಜ್ಜಿಸುತ್ತೇನೆ. ವಸಡಿನಲ್ಲಿ ರಕ್ತ ಬಂದರೆ ಒಂದು ತಿಂಗಳು ತಡೆದು ಶುರು ಮಾಡುತ್ತೇನೆ. ಫ್ಲೋರೈಡ್ ಪೇಸ್ಟ್, ಕ್ಲಿಪ್ಪಿನ ಸಂದಿಗೆ ಸಣ್ಣ ಬ್ರಷ್, ಇವೆರಡೂ ಇಲ್ಲದೆ ಕ್ಲಿಪ್ ಇಲ್ಲ.

ಕ್ಲಿಪ್ ತೆಗೆದ ದಿನವೇ ರಿಟೇನರ್ ಕೊಡುತ್ತೇನೆ, ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ ಅದು. ಎಷ್ಟು ದಿನ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಹಲ್ಲು ಹೀಗೇ ಇರಬೇಕು ಅನ್ನುವಷ್ಟು ದಿನ, ಅಂದರೆ ವರ್ಷಗಟ್ಟಲೆ, ರಾತ್ರಿ ಹೊತ್ತು. ಕೋರೆಹಲ್ಲಿನ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಪರೀಕ್ಷೆ ಸಮಯದಲ್ಲಿ ಒಂದು ವಾರ ಮರೆತಿದ್ದಳಂತೆ. ಹಾಕಿದಾಗ ಬಿಗಿ ಅನಿಸಿದ ಕೂಡಲೇ ಫೋನ್ ಮಾಡಿದಳು. ಬಿಗಿಯಾಯಿತು ಅಂದರೆ ಹಲ್ಲು ಸರಿಯಲು ಶುರುವಾಗಿದೆ ಅಂತ. ಪೂರ್ತಿ ಕೂರುತ್ತಾ ಅಂತ ಕೇಳಿದೆ, ಕೂರುತ್ತೆ ಅಂದಳು. ಒಂದೆರಡು ವಾರ ಹಗಲೂ ಹಾಕಿಕೋ ಅಂದೆ.